ಉದಯನ, ರಾಮಾನುಜ, ಹ್ಯೂಮ್: ದೇವರ ಬಗೆಗಿನ ವಾದಗಳನ್ನು ಹೋಲಿಸೋದು ಹೇಗೆ?

ಓದುಗರ ಪ್ರಶ್ನೆ: ಧರ್ಮದ ತತ್ತ್ವಶಾಸ್ತ್ರದ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಮಾಡುತ್ತಿದ್ದೇನೆ. ಪಾಠವೆಲ್ಲ ಆನ್ಸೆಲ್ಮ್, ಅಕ್ವಿನಾಸ್, ಹ್ಯೂಮ್, ಪೇಲಿ. ಕೊನೆಯಲ್ಲಿ 'ಪೂರ್ವದ ಧರ್ಮಗಳು' ಅಂತ ಒಂದೇ ಒಂದು ಪಾಠ. ಅದರಲ್ಲೂ ಧ್ಯಾನ, ಅನುಭಾವ ಇಷ್ಟೇ. ನಮ್ಮಲ್ಲಿ ದೇವರು ಇದ್ದಾನೋ ಇಲ್ಲವೋ ಅಂತ ತರ್ಕ ಮಾಡಿದವರೇ ಇಲ್ವಾ? ಉದಯನಾಚಾರ್ಯರ ವಾದವೂ ಪೇಲಿಯ ಗಡಿಯಾರದ ವಾದವೂ ಒಂದೇ ಅಂತ ಎಲ್ಲೋ ಓದಿದೆ, ನಿಜವೇ? ನನ್ನ ಗೆಳೆಯರೊಬ್ಬರು ಭಾರತದಲ್ಲಿ ಇರುವುದು ರಿಲಿಜನ್ನೇ ಅಲ್ಲ, ಹೋಲಿಕೆ ಮಾಡೋದೇ ತಪ್ಪು ಅನ್ನುತ್ತಾರೆ. ಕೋರ್ಸ್ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ನಿಮ್ಮ ಅಸಮಾಧಾನಕ್ಕೆ ಕಾರಣ ಇದೆ. ಯುರೋಪಿನವರು ತರ್ಕ ಮಾಡಿದರು, ಏಷ್ಯಾದವರು ಕಣ್ಣು ಮುಚ್ಚಿ ಕೂತರು ಅನ್ನುವ ಚಿತ್ರ ಸುಳ್ಳು. ಈಶ್ವರ ಇದ್ದಾನೋ ಇಲ್ಲವೋ ಎಂಬ ಬಗ್ಗೆ ಭಾರತದಲ್ಲಿ ನೂರಾರು ವರ್ಷ ಬಿಡದೆ ವಾದ ನಡೆದಿದೆ. ನೈಯಾಯಿಕರು, ಅಂದರೆ ಉದಯನ ಸೇರಿದ ನ್ಯಾಯದರ್ಶನದ ತಾರ್ಕಿಕರು, ಇದ್ದಾನೆ ಅಂದರು. ಬೌದ್ಧರು, ಜೈನರು, ಮೀಮಾಂಸಕರು ಸೃಷ್ಟಿಕರ್ತ ಇಲ್ಲ ಅಂದರು. ಗಮನಿಸಿ, ಈ ಇಲ್ಲ ಅಂದ ಮೂರೂ ಗುಂಪಿನವರು ಧರ್ಮ ಬಿಟ್ಟವರಲ್ಲ. ಮೀಮಾಂಸಕರಂತೂ ವೇದವೇ ಪರಮ ಪ್ರಮಾಣ ಅಂದವರು. ಏಳನೇ ಶತಮಾನದ ಕುಮಾರಿಲ ಭಟ್ಟ ವೇದದ ಪರವಾಗಿ ಎಷ್ಟು ಗಟ್ಟಿಯಾಗಿ ವಾದ ಮಾಡಿದನೋ, ಲೋಕವನ್ನು ಯಾರೋ ಒಬ್ಬ ಸೃಷ್ಟಿ ಮಾಡಿದ ಅನ್ನೋದರ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ವಾದ ಮಾಡಿದ. 'ದೇವರನ್ನು ನಂಬುವವನು ಧಾರ್ಮಿಕ, ನಂಬದವನು ಅಲ್ಲ' ಅಂತ ಇಟ್ಟುಕೊಂಡು ಶುರು ಮಾಡಿದರೆ ಕುಮಾರಿಲ ಎಲ್ಲೂ ಕೂರುವುದಿಲ್ಲ. ನಿಮ್ಮ ಕೋರ್ಸಿನಲ್ಲಿ ಇವರಿಗೆ ಜಾಗ ಸಿಗದೇ ಇರೋದಕ್ಕೆ ಅದೂ ಒಂದು ಕಾರಣ.

ಉದಯನನ ವಾದ ಪೇಲಿಯ ವಾದ ಒಂದೇನಾ? ಅಲ್ಲ. ಹಾಗಂತ ಪಕ್ಕಪಕ್ಕ ಇಡಬಾರದು ಅಂತಲೂ ಅಲ್ಲ. ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಒಂದು ಮಾತು ಹೇಳುತ್ತೇನೆ: ಎರಡು ವಾದಗಳನ್ನು ಹೋಲಿಸುವಾಗ ವಾದದ ಕಟ್ಟು ಹೇಗಿದೆ ಅಂತ ಒಂದು ಸಲ ನೋಡಿ, ಆ ವಾದವನ್ನು ಯಾವ ಕೆಲಸಕ್ಕೆ ಬಳಸಿದರು ಅಂತ ಇನ್ನೊಂದು ಸಲ ಬೇರೆಯಾಗಿ ನೋಡಿ. ಕಟ್ಟು ಒಂದೇ ಇದ್ದು ಕೆಲಸ ಬೇರೆಯೇ ಇರಬಹುದು. ಕಟ್ಟು ಪೂರ್ತಿ ಬೇರೆಯಾಗಿದ್ದು ಕೆಲಸ ಒಂದೇ ಇರಬಹುದು. ಹೋಲಿಕೆ ಕೆಡೋದು ಸಾಮಾನ್ಯವಾಗಿ ಈ ಎರಡನ್ನೂ ಕಲಸಿಬಿಟ್ಟಾಗ.

ಇದಕ್ಕೆ 11ನೇ ಶತಮಾನದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಆ ಶತಮಾನದ ಆಸುಪಾಸಿನಲ್ಲಿ ಯಾರು ಯಾರು ಬರೆಯುತ್ತಿದ್ದರು ನೋಡಿ. ಮಿಥಿಲೆಯಲ್ಲಿ ಉದಯನ 'ನ್ಯಾಯಕುಸುಮಾಂಜಲಿ' ಬರೆದ. ಗಂಗೆಯ ದಡದ ವಿಕ್ರಮಶಿಲೆಯಲ್ಲಿ ಬೌದ್ಧ ಭಿಕ್ಷು ರತ್ನಕೀರ್ತಿ, ಈಶ್ವರನನ್ನು ಸಾಧಿಸುವ ವಾದಗಳನ್ನು ಖಂಡಿಸುವುದಕ್ಕೇ ಒಂದು ಗ್ರಂಥ ಬರೆದ. ಪರ್ಷಿಯಾ ಕಡೆ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ, ಇರಲೇಬೇಕಾದ ಒಂದು ಇರವು ಇದೆ, ಅದೇ ದೇವರು ಅಂತ ವಾದ ಕಟ್ಟಿದ. ಬಾಗ್ದಾದಿನಲ್ಲಿ ಅಲ್ ಗಜಾಲಿ ಅಂಥ ತತ್ತ್ವಜ್ಞಾನಿಗಳ ಮೇಲೆ ಬಿದ್ದು ವಾದ ಮಾಡಿದ. 1077-78ರಲ್ಲಿ ನಾರ್ಮಂಡಿಯ ಬೆಕ್ ಎಂಬ ಊರಿನ ಮಠದಲ್ಲಿ ಆನ್ಸೆಲ್ಮ್ 'ಪ್ರೊಸ್ಲೋಜಿಯನ್' ಬರೆದ. ನಮ್ಮ ದಕ್ಷಿಣದಲ್ಲಿ ರಾಮಾನುಜರು. ಸಂಪ್ರದಾಯ ಹೇಳುವ ಪ್ರಕಾರ ಅವರ ಕಾಲ 1017ರಿಂದ 1137. ಇವರಲ್ಲಿ ಎಷ್ಟೋ ಜನಕ್ಕೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಒಂದು ನೂರು ನೂರೈವತ್ತು ವರ್ಷದ ಒಳಗೆ, ಇಷ್ಟು ದೂರದೂರದ ಊರುಗಳಲ್ಲಿ, ಮನುಷ್ಯನ ಬುದ್ಧಿ ದೇವರನ್ನು ಮುಟ್ಟಬಲ್ಲುದೇ ಎಂದು ಇಷ್ಟು ಜನ ತಲೆ ಕೆಡಿಸಿಕೊಂಡಿದ್ದರು. ನನಗೆ ಇದು ಇವತ್ತಿಗೂ ರೋಮಾಂಚನ ತರುವ ವಿಷಯ.

ಈಗ ಉದಯನನ ವಾದಕ್ಕೆ ಬರೋಣ. ಅವನದು ಒಂದೇ ವಾದ ಅಲ್ಲ, ಹಲವು ಇವೆ. ಎಲ್ಲಕ್ಕಿಂತ ಹೆಸರಾದದ್ದು ಇದು: ಭೂಮಿ, ಬೆಟ್ಟ, ಮೊಳಕೆ ಇವೆಲ್ಲ ಅವಯವಗಳು ಕೂಡಿ ಆದವು, ಅಂದರೆ ಒಂದು ಕಾರಣದಿಂದ ಉಂಟಾದ ಕಾರ್ಯಗಳು. ಕಾರ್ಯಕ್ಕೆ ತಿಳಿವಳಿಕೆ ಇರುವ ಕರ್ತೃ ಬೇಕು, ಮಡಕೆಗೆ ಕುಂಬಾರ ಬೇಕಾದ ಹಾಗೆ. ಆದ್ದರಿಂದ ಭೂಮಿಗೂ ಒಬ್ಬ ಕರ್ತೃ ಇದ್ದಾನೆ. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದಷ್ಟು ತಿಳಿವಳಿಕೆ ಅವನಿಗೆ ಇರಲೇಬೇಕು, ಆದ್ದರಿಂದ ಅವನು ಸರ್ವಜ್ಞ.

1802ರಲ್ಲಿ ವಿಲಿಯಂ ಪೇಲಿ ಬರೆದದ್ದು ಮೇಲ್ನೋಟಕ್ಕೆ ಹೀಗೇ ಇದೆ. ಬಯಲಲ್ಲಿ ನಡೆಯುವಾಗ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಅನ್ನುತ್ತೀರಿ, ಕಣ್ಣು ಕಿವಿಗಳು ಗಡಿಯಾರಕ್ಕಿಂತ ಜಾಣತನದಿಂದ ಮಾಡಿದಂತಿವೆ, ಹಾಗಾದರೆ ಅವನ್ನು ಮಾಡಿದವನು? ಆದರೆ ಸ್ವಲ್ಪ ಹತ್ತಿರ ಹೋಗಿ. ಪೇಲಿಗೆ ಮುಖ್ಯವಾದದ್ದು ಗಡಿಯಾರದ ಒಳಗಿನ ಹೊಂದಾಣಿಕೆ, ಪ್ರತಿ ಭಾಗವೂ ಒಂದು ಉದ್ದೇಶಕ್ಕೆ ಇರುವುದು. ಅದಕ್ಕೇ ಅವನು ಪುಟಗಟ್ಟಲೆ ಅಂಗರಚನೆ ವಿವರಿಸುತ್ತಾನೆ. ಉದಯನನ ಈ ವಾದಕ್ಕೆ ಅಷ್ಟು ಬೇಕಿಲ್ಲ. ಒಂದು ವಸ್ತು ಅವಯವಗಳಿಂದ ಆಗಿದೆ ಅಂದರೆ ಸಾಕು, ಅದು ಕಣ್ಣಿನಷ್ಟು ಸೊಗಸಾಗಿರಬೇಕಿಲ್ಲ, ಬರೀ ಬಂಡೆಗಲ್ಲಾದರೂ ಆದೀತು. ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ತುಂಬಾ ಇದೆ. 1859ರಲ್ಲಿ ಡಾರ್ವಿನ್ನನ ಪುಸ್ತಕ ಬಂದಾಗ ಪೇಲಿಯ ವಾದಕ್ಕೆ ದೊಡ್ಡ ಪೆಟ್ಟು ಬಿತ್ತು, ಯಾಕೆಂದರೆ ಜೀವಿಗಳ ಅಂಗಗಳ ಹೊಂದಾಣಿಕೆಗೆ ಇನ್ನೊಂದು ವಿವರಣೆ ಸಿಕ್ಕಿತು. ಅದೇ ಪೆಟ್ಟು ಉದಯನನಿಗೆ ಅಷ್ಟು ತಾಗುವುದಿಲ್ಲ. ಅವನ ವಾದದ ಭಾರ ನಿಂತಿರುವುದು ಬೇರೆ ಕಡೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನ್ಯಾಯದರ್ಶನದ ಈಶ್ವರ ಶೂನ್ಯದಿಂದ ಏನನ್ನೂ ಮಾಡುವುದಿಲ್ಲ. ಪರಮಾಣುಗಳು ನಿತ್ಯ, ಆತ್ಮಗಳು ನಿತ್ಯ, ಕರ್ಮದ ಸರಪಳಿಗೆ ಆದಿಯೇ ಇಲ್ಲ. ಈಶ್ವರ ಪರಮಾಣುಗಳನ್ನು ಕೂಡಿಸುತ್ತಾನೆ, ಜಡವಾದ ಕರ್ಮ ತಾನಾಗಿ ಫಲ ಕೊಡಲಾರದು ಎಂದು ಅದನ್ನು ನಡೆಸುತ್ತಾನೆ. ಪೇಲಿಯ ದೇವರು ಬೈಬಲಿನ ದೇವರು, ಎಲ್ಲದಕ್ಕೂ ಮೂಲ. ಇಬ್ಬರನ್ನೂ 'ದೇವರು' ಅಂತ ಒಂದೇ ಹೆಸರಿನಿಂದ ಕರೆದು ಮುಂದೆ ಹೋಗಿಬಿಟ್ಟರೆ, ಏನು ಸಾಧಿಸಲು ಹೊರಟಿದ್ದರು ಅನ್ನೋದೇ ಮರೆತುಹೋಗುತ್ತದೆ.

ಉದಯನನ ವಾದದ ಭಾರ ಎಲ್ಲಿದೆ ಅನ್ನೋದು ಅವನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ಬೌದ್ಧ ಧರ್ಮಕೀರ್ತಿಗೆ ಗೊತ್ತಿತ್ತು. ಹಿಂದಿನ ನೈಯಾಯಿಕರ ಇಂಥದೇ ವಾದಕ್ಕೆ ಅವನು ಹಾಕಿದ ಆಕ್ಷೇಪ ಇದು. ಮಡಕೆ ಮಣ್ಣಿನದು, ಅದನ್ನು ಕುಂಬಾರ ಮಾಡಿದ. ಹುತ್ತವೂ ಮಣ್ಣಿನದೇ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಅನ್ನೋಣವೇ? ಎರಡನ್ನೂ 'ರಚನೆ' ಅಂತ ಒಂದೇ ಮಾತಿನಿಂದ ಕರೆದ ಮಾತ್ರಕ್ಕೆ ಎರಡರ ಹಿಂದೆಯೂ ಒಂದೇ ಬಗೆಯ ಕಾರಣ ಇದೆ ಅಂತ ಆಗೋದಿಲ್ಲ. ಬೆಳ್ಳಗೆ ಏನೋ ಕಂಡಿತು ಎಂಬ ಕಾರಣಕ್ಕೆ ಅಲ್ಲಿ ಬೆಂಕಿ ಇದೆ ಅನ್ನಲಾಗದು, ಕಂಡದ್ದು ಹೊಗೆಯೇ ಆಗಿರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ವಾದಗಳ ಮೇಲೆ ಯಾವ ಭಾಷೆಯಲ್ಲಿ ಬಂದ ಆಕ್ಷೇಪಗಳಲ್ಲೂ ಇದು ಅತ್ಯಂತ ಚೂಪಾದ ಆಕ್ಷೇಪಗಳಲ್ಲಿ ಒಂದು. ಹಿಂದಿನ ಉದಾಹರಣೆಗಳೆಲ್ಲ ಮನುಷ್ಯರು ಮಾಡಿದ ವಸ್ತುಗಳು, ತೀರ್ಮಾನ ಮಾತ್ರ ಮನುಷ್ಯರು ಮಾಡದ ವಸ್ತುಗಳ ಬಗ್ಗೆ. ಆ ಜಿಗಿತಕ್ಕೆ ಅನುಮತಿ ಕೊಟ್ಟವರು ಯಾರು ಅಂತ ಅವನು ಕೇಳುತ್ತಿದ್ದಾನೆ.

ಕಾಡಿನ ಹುಲ್ಲು ಯಾರೂ ನೆಡದೆ ಹುಟ್ಟುತ್ತದಲ್ಲ, ಅಲ್ಲಿ ಕರ್ತೃ ಕಾಣುವುದಿಲ್ಲವಲ್ಲ ಅಂತ ಕೇಳಿದರೆ ನೈಯಾಯಿಕರ ಬಳಿ ಒಂದು ಉತ್ತರ ಇದೆ. ಹುಲ್ಲೂ ನಾವು ಈಗ ಚರ್ಚಿಸುತ್ತಿರುವ ವಿಷಯದ ಒಳಗೇ ಬರುತ್ತದೆ, ಚರ್ಚೆಯಲ್ಲಿರುವುದನ್ನೇ ತಂದು ಆಕ್ಷೇಪವಾಗಿ ಇಡುವಂತಿಲ್ಲ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿ ಇದೆ ಅಂದಾಗ, 'ಬೆಟ್ಟದಲ್ಲಿ ಬೆಂಕಿ ಕಾಣುತ್ತಿಲ್ಲವಲ್ಲ' ಅಂತ ಆಕ್ಷೇಪಿಸಿದರೆ ಯಾವ ಅನುಮಾನವೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಯಾವ ತರ್ಕವೂ, ನಿಲ್ಲುವುದಿಲ್ಲ. ಇದು ಸುಮ್ನೆ ಜಾರಿಕೊಳ್ಳುವ ಉತ್ತರ ಅಲ್ಲ. ಸಾಬೀತು ಮಾಡುವ ಹೊಣೆ ಯಾರದು ಎಂಬ ಗಂಭೀರ ಪ್ರಶ್ನೆ ಇಲ್ಲಿದೆ. ರತ್ನಕೀರ್ತಿ ಹಿಡಿದದ್ದು ಇದರ ಬುಡವನ್ನೇ. ಕಾರ್ಯ ಇದ್ದಲ್ಲೆಲ್ಲ ಬುದ್ಧಿಯುಳ್ಳ ಕರ್ತೃ ಇರುತ್ತಾನೆ ಎಂಬ ವ್ಯಾಪ್ತಿಯನ್ನು, ಅಂದರೆ ಎಲ್ಲೂ ತಪ್ಪದ ನಿಯಮವನ್ನು, ಮೊದಲು ನೀವು ತಿಳಿದದ್ದು ಹೇಗೆ ಎಂದು ಅವನು ಕೇಳುತ್ತಾನೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ವಿಕ್ರಮಶಿಲೆ ಹಾಳಾದ ಮೇಲೆ ರತ್ನಕೀರ್ತಿಯ ಬರಹ ಭಾರತದಲ್ಲಿ ಉಳಿಯಲಿಲ್ಲ. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿಗೆ ಹೋಗಿ, ಅಲ್ಲಿನ ಮಠಗಳಲ್ಲಿದ್ದ ಸಂಸ್ಕೃತ ತಾಳೆಗರಿಗಳನ್ನು ಹುಡುಕಿ, ಫೋಟೋ ತೆಗೆದು ತಂದರು. ಅವುಗಳಿಂದ ರತ್ನಕೀರ್ತಿಯ ಕೃತಿಗಳು 1957ರಲ್ಲಿ ಪಟ್ನಾದಲ್ಲಿ ಅಚ್ಚಾದವು. ಅಲ್ಲಿಯವರೆಗೆ ನಮಗೆ ಈ ಜಗಳದ ಒಂದು ಪಕ್ಷದವರ ಮಾತೇ ಜಾಸ್ತಿ ಕೇಳುತ್ತಿತ್ತು. ಭಾರತೀಯ ಚಿಂತನೆ ಅಂದರೆ ಎಲ್ಲರೂ ದೇವರನ್ನು ಒಪ್ಪಿದ ಚಿಂತನೆ ಎಂಬ ಭಾವನೆ ಬಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಎದುರು ವಾದಿಗಳಾದ ಬೌದ್ಧರ ಎಷ್ಟೋ ಪುಸ್ತಕಗಳು ದೇಶದಲ್ಲಿ ಇರಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ನಿಮ್ಮ ಕೋರ್ಸಿನಲ್ಲಿ ಡೇವಿಡ್ ಹ್ಯೂಮನ ಸಂವಾದಗಳು ಬಂದಿರುತ್ತವೆ. ಅವನು 1776ರಲ್ಲಿ ತೀರಿಕೊಂಡ, 1779ರಲ್ಲಿ ಆ ಪುಸ್ತಕ ಹೊರಬಂತು. ಅದರಲ್ಲಿ ಫೈಲೋ ಎಂಬ ಪಾತ್ರ ಕೇಳುತ್ತದೆ: ಮನೆ, ಹಡಗು, ಊರು ಕಟ್ಟಲು ಎಷ್ಟೋ ಜನ ಕೂಡುತ್ತಾರೆ, ಹಾಗಾದರೆ ಲೋಕವನ್ನು ಹಲವು ದೇವತೆಗಳು ಕೂಡಿ ಯಾಕೆ ಮಾಡಿರಬಾರದು? ಮನುಷ್ಯ ಕರ್ತೃವಿನ ಹೋಲಿಕೆ ಹಿಡಿದರೆ ಅವನಿಗೆ ದೇಹವೂ ಇರಬೇಕಲ್ಲ? ಒಬ್ಬನೇ, ಪರಿಪೂರ್ಣ, ಅನಂತ ಅಂತ ನೀವು ಸಾಧಿಸಿದ್ದು ಎಲ್ಲಿ?

ಈಗ ಬ್ರಹ್ಮಸೂತ್ರಕ್ಕೆ ರಾಮಾನುಜರು ಬರೆದ ವ್ಯಾಖ್ಯಾನ ಶ್ರೀಭಾಷ್ಯ ತೆಗೆಯಿರಿ, ಮೊದಲ ಅಧ್ಯಾಯ ಮೊದಲ ಪಾದದ ಮೂರನೇ ಸೂತ್ರ. ಭೂಮಿ, ಬೆಟ್ಟ, ಸಮುದ್ರ ಎಲ್ಲವನ್ನೂ ಒಬ್ಬನೇ, ಒಂದೇ ಕಾಲಕ್ಕೆ ಮಾಡಿದ ಅನ್ನಲು ಪ್ರಮಾಣ ಎಲ್ಲಿದೆ ಅಂತ ಅವರು ಕೇಳುತ್ತಾರೆ. ಬೇರೆ ಬೇರೆ ಕಾರ್ಯಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತೃಗಳು ಮಾಡುವುದನ್ನೇ ನಾವು ಕಂಡಿರುವುದು. ಪುಣ್ಯದ ಬಲದಿಂದ ದೊಡ್ಡ ಶಕ್ತಿ ಪಡೆದ ಜೀವರು ಅವನ್ನು ಮಾಡಿರಬಹುದಲ್ಲ? ದೇಹ ಇಲ್ಲದವನು ಏನನ್ನಾದರೂ ಮಾಡುವುದನ್ನು ಯಾರು ಕಂಡಿದ್ದಾರೆ? ಕಂಡದ್ದರ ಹೋಲಿಕೆಯಿಂದ ಹೊರಟರೆ ಕಂಡಂಥ ಕರ್ತೃವೇ ಸಿಗುತ್ತಾನೆ, ಸರ್ವೇಶ್ವರ ಸಿಗುವುದಿಲ್ಲ.

ಹ್ಯೂಮನಿಗಿಂತ ಆರುನೂರು ವರ್ಷಕ್ಕೂ ಹಿಂದೆ, ಬಹುತೇಕ ಅದೇ ಆಕ್ಷೇಪ. ಹೇಳಿದವರು ಯಾರು? ಶ್ರೀವೈಷ್ಣವರ ಆಚಾರ್ಯರು, ನಮ್ಮ ಮೇಲುಕೋಟೆಯ ಜನ ಇವತ್ತಿಗೂ ತಮ್ಮವರು ಅಂತ ಪೂಜಿಸುವ ರಾಮಾನುಜರು. ನಾರಾಯಣನ ಮೇಲಿನ ಅವರ ಭಕ್ತಿಯ ಬಗ್ಗೆ ಯಾರಿಗೂ ಸಂಶಯ ಬರಲಾರದು. ಅವರು ಉದ್ದೇಶಪೂರ್ವಕವಾಗಿ ತರ್ಕದ ಏಣಿಯನ್ನು ಮುರಿಯುತ್ತಾರೆ, ಯಾಕೆಂದರೆ ಪರಮಪುರುಷನನ್ನು ತಿಳಿಯಲು ಶಾಸ್ತ್ರ ಒಂದೇ ದಾರಿ ಅನ್ನೋದು ಅವರ ಪಕ್ಷ. ತರ್ಕದಿಂದಲೇ ಸಿಗುವುದಾಗಿದ್ದರೆ ಶಾಸ್ತ್ರದ ಅಗತ್ಯ ಏನು? ಉಡುಪಿಯ ಮಧ್ವಾಚಾರ್ಯರೂ ಮುಂದೆ ಹೀಗೇ, ವಿಷ್ಣು ಸದಾಗಮಗಳಿಂದಲೇ, ಅಂದರೆ ವೇದ ಮೊದಲಾದ ಶಾಸ್ತ್ರಗಳಿಂದಲೇ, ತಿಳಿಯತಕ್ಕವನು ಎಂದರು. ಹ್ಯೂಮನ ಕೈಯಲ್ಲಿ ಅದೇ ಆಕ್ಷೇಪ ಧರ್ಮಶಾಸ್ತ್ರಿಗಳ ಆತ್ಮವಿಶ್ವಾಸವನ್ನು ಅಲುಗಾಡಿಸುವ ಕೆಲಸ ಮಾಡಿತು. ರಾಮಾನುಜರ ಕೈಯಲ್ಲಿ ಭಕ್ತಿಗೆ ದಾರಿ ಬಿಡಿಸುವ ಕೆಲಸ ಮಾಡಿತು. ಕಟ್ಟು ಒಂದು, ಕೆಲಸ ಎರಡು ಅಂತ ನಾನು ಹೇಳಿದ್ದು ಇದನ್ನೇ.

ಇದರಿಂದ ತತ್ತ್ವಶಾಸ್ತ್ರಕ್ಕೆ ಆಗುವ ಲಾಭ ಏನು ಅಂತ ಕೇಳಿದರೆ, ದೊಡ್ಡದೇ ಇದೆ. ಹ್ಯೂಮನನ್ನು ಮಾತ್ರ ಓದಿದವರು 'ದೇವರ ಪರ ವಾದ ಬಿದ್ದರೆ ನಂಬಿಕೆ ಬಿದ್ದಂತೆ' ಎಂದು ಹೇಳದೇ ಇದ್ದರೂ ಒಳಗೊಳಗೇ ಹಾಗೆ ಭಾವಿಸುತ್ತಾರೆ. ರಾಮಾನುಜರನ್ನು ಓದಿದ ಮೇಲೆ ಹಾಗೆ ಭಾವಿಸಲು ಆಗೋದಿಲ್ಲ. ಹಾಗೆಯೇ ರಾಮಾನುಜರಿಗೂ ಹ್ಯೂಮನ ಕಡೆಯಿಂದ ಒಂದು ಪ್ರಶ್ನೆ ಉಳಿಯುತ್ತದೆ: ಅನುಮಾನದ ಮೇಲೆ ಇಷ್ಟು ಕಟುವಾದ ಪರೀಕ್ಷೆ ಇಟ್ಟಿರಿ, ಶಾಸ್ತ್ರಕ್ಕೂ ಅಷ್ಟೇ ಕಟುವಾದ ಪರೀಕ್ಷೆ ಇಡುತ್ತೀರಾ? ಹ್ಯೂಮ್ ಪವಾಡಗಳ ಬಗ್ಗೆ, ಸಾಕ್ಷಿಗಳ ಮಾತಿನ ಬಗ್ಗೆ ಬರೆದದ್ದನ್ನು ಇಲ್ಲಿ ತರಬಹುದು. ಆದರೆ ಹುಷಾರಾಗಿ ತರಬೇಕು, ಯಾಕೆಂದರೆ ರಾಮಾನುಜರ ಪ್ರಕಾರ ವೇದ ಯಾವುದೋ ಒಂದು ದಿನ ಯಾರೋ ಕಂಡ ಘಟನೆಯ ವರದಿಯಲ್ಲ, ಅದನ್ನು ಯಾರೂ ರಚಿಸಿಲ್ಲ. ಹ್ಯೂಮನ ಅಳತೆಗೋಲು ಸಾಕ್ಷಿಯ ಮಾತಿಗೆ ಮಾಡಿದ್ದು, ಇದು ಸಾಕ್ಷಿಯ ಮಾತೇ ಅಲ್ಲ. ಆಗ ಹೊಸ ಪ್ರಶ್ನೆ ಹುಟ್ಟುತ್ತದೆ: ಹೇಳಿದವನೇ ಇಲ್ಲದ ಮಾತನ್ನು ಪರೀಕ್ಷಿಸೋದು ಹೇಗೆ? ಎರಡು ಕಡೆಯವರನ್ನೂ ಎದುರುಬದುರು ಕೂರಿಸದೇ ಇದ್ದರೆ ಈ ಪ್ರಶ್ನೆ ಈ ರೂಪದಲ್ಲಿ ಬರುತ್ತಲೇ ಇರಲಿಲ್ಲ, ಅಲ್ವಾ?

ಇದೇ ಥರದ ಇನ್ನೊಂದು ಉದಾಹರಣೆ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಒಂಬತ್ತನೇ ಶತಮಾನದಲ್ಲಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗ ಗೌರವಿಸುತ್ತಿದ್ದ ಗುರು ಜಿನಸೇನಾಚಾರ್ಯರು. ಅವರ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದೇ ಪ್ರಶ್ನೆ ಹಾಕಿ ಕೆಡವುವ ಭಾಗ ಇದೆ. ಲೋಕ ಮಾಡುವ ಮೊದಲು ಅವನು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ್ದರೆ ಅದಕ್ಕೆ ಇನ್ನೊಂದು ಸಾಮಗ್ರಿ ಬೇಕಲ್ಲ? ಪರಿಪೂರ್ಣನಾಗಿದ್ದರೆ ಮಾಡಬೇಕು ಎಂಬ ಬಯಕೆ ಯಾಕೆ ಬಂತು? ಪರಿಪೂರ್ಣ ಅಲ್ಲದಿದ್ದರೆ ಕುಂಬಾರನಷ್ಟೇ ಅವನೂ, ಲೋಕ ಮಾಡಲಾರ. 1980ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ತನ್ನ 'ಕಾಸ್ಮಾಸ್' ಪುಸ್ತಕದ ಒಂದು ಅಧ್ಯಾಯದ ತಲೆಯ ಮೇಲೆ ಈ ಮಾತುಗಳನ್ನು ಹಾಕಿದ. ಅಲ್ಲಿಂದ ಇವು ಲೋಕವೆಲ್ಲ ತಿರುಗಿವೆ, ಹೆಚ್ಚಾಗಿ ಧರ್ಮವನ್ನೇ ಒಪ್ಪದವರ ಮಾತು ಎನ್ನುವ ಹಾಗೆ.

ಅವು ಇರುವ ಪುಸ್ತಕ ಮಾತ್ರ ಜೈನರ ಮೊದಲ ತೀರ್ಥಂಕರ ವೃಷಭನಾಥನ ಚರಿತೆ. ಭಕ್ತಿಯಿಂದ ತುಂಬಿ ತುಳುಕುವ ಪುರಾಣ. ನಮ್ಮ ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆಯಲು ಆಧಾರವಾದದ್ದು ಅದೇ. ಜಿನಸೇನರ ಪಾಲಿಗೆ ಸೃಷ್ಟಿಕರ್ತ ಇಲ್ಲ ಅನ್ನೋದು ಧರ್ಮದ ಒಂದು ಭಾಗ. ಲೋಕವನ್ನು ನಡೆಸುವ ಒಡೆಯ ಇದ್ದರೆ ನನ್ನ ಬಿಡುಗಡೆ ಅವನ ಕೈಯಲ್ಲಿ, ಇಲ್ಲದಿದ್ದರೆ ನನ್ನ ತಪಸ್ಸಿನ ಕೈಯಲ್ಲಿ. ಆ ಸಾಲುಗಳನ್ನು ಕಿತ್ತು ತಂದು ಒಂಟಿಯಾಗಿ ಓದಿದರೆ ವಾದ ಉಳಿಯುತ್ತದೆ, ಆದರೆ ಅದರ ಕೆಲಸ ಏನಿತ್ತು ಅನ್ನೋದು ಕಳೆದುಹೋಗುತ್ತದೆ. ಸೇಗನ್ ತಪ್ಪು ಮಾಡಿದ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ವಾದ ಯಾರ ಕೈಯಲ್ಲಾದರೂ ನಡೆಯುತ್ತದೆ. ತತ್ತ್ವಶಾಸ್ತ್ರ ಓದುವ ನೀವು ಮಾತ್ರ ಎರಡನ್ನೂ ನೋಡಬೇಕು.

ಹಾಗಾದರೆ ಉದಯನನ ನಿಜವಾದ ಜೊತೆಗಾರ ಯಾರು? ನನ್ನ ಅಭಿಪ್ರಾಯದಲ್ಲಿ ಆನ್ಸೆಲ್ಮ್. ಇಬ್ಬರ ವಾದಗಳ ಕಟ್ಟಿನಲ್ಲಿ ಹೋಲಿಕೆಯೇ ಇಲ್ಲ, ಹೋಲಿಕೆ ಇರುವುದು ಕೆಲಸದಲ್ಲಿ. ಆನ್ಸೆಲ್ಮ್ ಲೋಕದ ಕಡೆ ನೋಡುವುದೇ ಇಲ್ಲ. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಆಗದೋ ಅದು ಬರೀ ಯೋಚನೆಯಲ್ಲಿ ಮಾತ್ರ ಇರಲಾರದು ಎಂಬುದು ಅವನ ವಾದ. ನೈಯಾಯಿಕರು ಇದನ್ನು ಕೇಳಿದ್ದರೆ ಹೇತು ಎಲ್ಲಿ, ದೃಷ್ಟಾಂತ ಎಲ್ಲಿ ಅಂತ ಕೇಳುತ್ತಿದ್ದರು. ಆದರೆ 'ಪ್ರೊಸ್ಲೋಜಿಯನ್' ಬಹುಮಟ್ಟಿಗೆ ದೇವರನ್ನೇ 'ನೀನು' ಎಂದು ಕರೆದು ಬರೆದ ಪ್ರಾರ್ಥನೆ. ಉದಯನ ಕೂಡ ತನ್ನ ಗ್ರಂಥದ ಶುರುವಿನಲ್ಲೇ ಹೇಳುತ್ತಾನೆ, ಈ ನ್ಯಾಯಚರ್ಚೆ ಈಶ್ವರನ ಮನನ, ಶ್ರವಣದ ನಂತರ ಬರುವ ಉಪಾಸನೆ ಅಂತ. ಇವನಿಗೆ ತರ್ಕ ಮಾಡೋದೇ ಪೂಜೆ. ಪುಸ್ತಕದ ಹೆಸರಲ್ಲೇ ಹೂವಿನ ಬೊಗಸೆ ಇದೆ. ಗ್ರಂಥದ ಕೊನೆಯಲ್ಲಿ ಅವನು ತನ್ನ ಎದುರು ವಾದಿಗಳಿಗಾಗಿ ಬೇಡಿಕೊಳ್ಳುತ್ತಾನೆ: ಇಷ್ಟು ತರ್ಕದ ನೀರಲ್ಲಿ ತೊಳೆದರೂ ನಿನಗೆ ಜಾಗ ಕೊಡದ ಆ ಕಲ್ಲು ಹೃದಯದವರು, ನಿನ್ನನ್ನು ಅಲ್ಲಗಳೆಯುವ ನೆಪದಲ್ಲಾದರೂ ನಿನ್ನನ್ನೇ ಗಾಢವಾಗಿ ಚಿಂತಿಸಿದವರು, ಕರುಣಾಳುವೇ, ಕಾಲ ಬಂದಾಗ ಅವರನ್ನೂ ನೀನೇ ಪಾರು ಮಾಡು. ಬೌದ್ಧರೊಡನೆ ಒಂದು ಗ್ರಂಥದ ತುಂಬ ಕಾದಾಡಿದವನ ಕೊನೆಯ ಮಾತು ಇದು.

ಆನ್ಸೆಲ್ಮನಲ್ಲೂ ಇದಕ್ಕೆ ಹತ್ತಿರದ ಒಂದು ನಡತೆ ಇದೆ. ಗೌನಿಲೋ ಎಂಬ ಸನ್ಯಾಸಿ ಅವನ ವಾದವನ್ನು ಖಂಡಿಸಿ ಬರೆದಾಗ, ಆ ಖಂಡನೆಯನ್ನೂ ತನ್ನ ಉತ್ತರವನ್ನೂ ಮುಂದೆ ತನ್ನ ಪುಸ್ತಕದ ಜೊತೆಗೇ ಸೇರಿಸಿ ಪ್ರತಿ ಮಾಡಬೇಕು ಅಂತ ಅವನು ಹೇಳಿದ. ಎದುರು ವಾದಿಯ ಮಾತನ್ನು ಮೊದಲು ಇಟ್ಟು ಆಮೇಲೆ ಉತ್ತರಿಸುವ, ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷದ ಪದ್ಧತಿ ಬಲ್ಲವರಿಗೆ ಇದು ಕೂಡಲೇ ಹತ್ತಿರ ಅನ್ನಿಸುತ್ತದೆ. ನಿಮ್ಮ ಕೋರ್ಸಿನವರು ಆನ್ಸೆಲ್ಮನ ವಾದವನ್ನು ನಾಲ್ಕು ಸಾಲಿನ ಸೂತ್ರ ಮಾಡಿ ಕೊಟ್ಟಿರುತ್ತಾರೆ, ಪ್ರಾರ್ಥನೆಯನ್ನು ಬಿಟ್ಟು. ಉದಯನನನ್ನು ಓದಿದ ಮೇಲೆ ಮತ್ತೆ ಆನ್ಸೆಲ್ಮನನ್ನು ಪೂರ್ತಿ ಓದಿ. ಅನ್ಯ ಸಂಸ್ಕೃತಿಯವರ ಓದು ನಮಗೆ ತಿಳಿದಿದೆ ಅಂದುಕೊಂಡವರನ್ನು ಹೊಸದಾಗಿ ಕಾಣಿಸುತ್ತದೆ. ನಾನು ಈ ಬಗೆಯ ಓದನ್ನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕೆಡುಕಿನ ಸಮಸ್ಯೆ ಬಗ್ಗೆ ನೀವು ಕೇಳಿಲ್ಲ, ಆದರೂ ಸ್ವಲ್ಪ ಹೇಳುತ್ತೇನೆ, ಮುಂದಿನ ಪಾಠಗಳಲ್ಲಿ ಬಂದೇ ಬರುತ್ತದೆ. ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ 1955ರಲ್ಲಿ ಅದನ್ನು ಹರಿತವಾಗಿ ಇಟ್ಟ: ದೇವರು ಸರ್ವಶಕ್ತ, ಪೂರ್ತಿ ಒಳ್ಳೆಯವನು, ಆದರೂ ಕೆಡುಕಿದೆ, ಈ ಮೂರೂ ಒಟ್ಟಿಗೆ ನಿಲ್ಲವು. ಬ್ರಹ್ಮಸೂತ್ರದಲ್ಲೂ ಇದಕ್ಕೆ ಹತ್ತಿರದ ಆಕ್ಷೇಪ ಇದೆ, ಎರಡನೇ ಅಧ್ಯಾಯ ಮೊದಲ ಪಾದದ 34ನೇ ಸೂತ್ರ. ಒಬ್ಬನಿಗೆ ಸುಖ ಇನ್ನೊಬ್ಬನಿಗೆ ದುಃಖ ಕೊಟ್ಟರೆ ಈಶ್ವರ ಪಕ್ಷಪಾತಿ, ನಿರ್ದಯಿ ಆಗೋದಿಲ್ಲವೇ ಅಂತ. ಇಲ್ಲ ಅನ್ನುತ್ತಾರೆ ಶಂಕರರು, ಅವನು ಮಳೆಯಂತೆ ಎಲ್ಲರಿಗೂ ಸಮಾನ, ಬತ್ತವಾಗಿ ಬೆಳೆಯುವುದೋ ಜವೆಯಾಗಿ ಬೆಳೆಯುವುದೋ ಬೀಜದ ಮೇಲೆ ಹೋಗುತ್ತದೆ. ಬೀಜ ಅಂದರೆ ಅವರವರ ಕರ್ಮ.

ತರ್ಕವಾಗಿ ನೋಡಿದರೆ ಇದು ಜಾಣ ಉತ್ತರ. ಆದರೆ ಇದನ್ನು ತರ್ಕವಾಗಿ ಮಾತ್ರ ನೋಡಿ ಸುಮ್ಮನಾಗೋದು ನನಗೆ ಸಾಧ್ಯವಿಲ್ಲ. ಊರ ಹೊರಗೆ ಹುಟ್ಟಿದವನಿಗೆ, ಬಾವಿಯ ನೀರು ಮುಟ್ಟಬೇಡ ಅಂತ ಹೇಳಿಸಿಕೊಂಡವನಿಗೆ, ಇದು ನಿನ್ನದೇ ಹಿಂದಿನ ಬೀಜದ ಫಲ ಅಂತ ಹೇಳಲು ಇದೇ ಉತ್ತರವನ್ನು ಬಳಸಿದರು. ಇಲ್ಲಿಯೂ ವಾದ ಮಾಡಿದ ಕೆಲಸವನ್ನು ಕೇಳಲೇಬೇಕು. ಅಂಬೇಡ್ಕರ್ ಅವರು ಹಿಂದೂ ಧರ್ಮದ ತತ್ತ್ವಶಾಸ್ತ್ರದ ಬಗ್ಗೆ ಬರೆದ, ಅವರು ತೀರಿಕೊಂಡ ಮೇಲೆ ಪ್ರಕಟವಾದ ಬರಹದಲ್ಲಿ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ್ದಾರೆ. ದೇವರಿದ್ದಾನೆಯೇ ಅನ್ನೋದನ್ನು ಬದಿಗಿಟ್ಟು, ಒಂದು ಧರ್ಮ ಹೇಳುವ ಸಾಮಾಜಿಕ ವ್ಯವಸ್ಥೆ ನ್ಯಾಯದ ಪರೀಕ್ಷೆಯಲ್ಲಿ, ಉಪಯುಕ್ತತೆಯ ಪರೀಕ್ಷೆಯಲ್ಲಿ ಗೆಲ್ಲುತ್ತದೆಯೇ ಅಂತ ಕೇಳಿದರು. ಬೇರೆ ಸಂಸ್ಕೃತಿಗಳಿಂದ ಉತ್ತರಗಳನ್ನು ಮಾತ್ರ ತರಬಾರದು, ಪ್ರಶ್ನೆಗಳನ್ನೂ ತರಬೇಕು. ಅಂಬೇಡ್ಕರ್ ಅವರನ್ನು ರಾಜಕೀಯ ವಿಭಾಗಕ್ಕೆ ಕಳಿಸಿ ಧರ್ಮದ ತತ್ತ್ವಶಾಸ್ತ್ರದ ಪಠ್ಯದಲ್ಲಿ ಬಿಟ್ಟುಬಿಡುವುದು ದೊಡ್ಡ ಲೋಪ ಅಂತಲೇ ನನ್ನ ನಂಬಿಕೆ.

ಈಗ ನಿಮ್ಮ ಗೆಳೆಯರ ಮಾತು. ಅವರು ಬಹುಶಃ ಎಸ್. ಎನ್. ಬಾಲಗಂಗಾಧರ ಅವರ ವಿಚಾರಗಳನ್ನು ಓದಿರಬೇಕು. ಬೆಂಗಳೂರಿನವರು, ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 1994ರ ತಮ್ಮ ಗ್ರಂಥದಲ್ಲಿ ಅವರು, ಎಲ್ಲ ಸಮಾಜಗಳಲ್ಲೂ ರಿಲಿಜನ್ ಇದ್ದೇ ಇದೆ ಅನ್ನೋದು ಕ್ರೈಸ್ತ ದೇವತಾಶಾಸ್ತ್ರ ಹುಟ್ಟಿಸಿದ ನಂಬಿಕೆ, ಸಂಶೋಧನೆಯಿಂದ ಕಂಡುಕೊಂಡದ್ದಲ್ಲ ಅಂದರು. ಈ ವಾದದಲ್ಲಿ ನನಗೆ ಗಟ್ಟಿಯಾಗಿ ಕಾಣುವ ಅಂಶ ಇದೆ. ನಿಮ್ಮ ಕೋರ್ಸು 'ಪೂರ್ವದ ಧರ್ಮಗಳು' ಅಂತ ಗಂಟು ಕಟ್ಟಿ, ಅದರಲ್ಲಿ ಒಂದು ದೇವರು, ಒಂದು ಗ್ರಂಥ, ಒಂದು ಸಿದ್ಧಾಂತ ಹುಡುಕಿ, ಸಿಗದಾಗ 'ಅನುಭಾವ' ಅಂದುಬಿಟ್ಟಿತಲ್ಲ, ಅವರು ದೂರಿದ್ದು ಇಂಥದನ್ನೇ. ಆದರೆ ಅದರಿಂದ ಹೋಲಿಕೆಯೇ ಆಗದು ಅನ್ನುವ ತೀರ್ಮಾನಕ್ಕೆ ನಾನು ಬರುವುದಿಲ್ಲ. ನಾವು ಹೋಲಿಸುತ್ತಿರುವುದು ಹಿಂದೂ ಧರ್ಮವನ್ನು ಕ್ರೈಸ್ತ ಧರ್ಮದ ಜೊತೆ ಅಲ್ಲ. ಲೋಕಕ್ಕೆ ಕರ್ತೃ ಇದ್ದಾನೆ ಎಂಬ ಒಂದು ಮಾತನ್ನು, ಅದರ ಪರ ಇಟ್ಟ ಹೇತುವನ್ನು, ಅದರ ವಿರುದ್ಧ ಇಟ್ಟ ಆಕ್ಷೇಪವನ್ನು. ಅವು ಬರಹದಲ್ಲಿ ಇವೆ. ಅವನ್ನು ಯಾವ ಹೆಸರಿನ ಕಪಾಟಿನಲ್ಲಿ ಇಡಬೇಕು ಅಂತ ತೀರ್ಮಾನ ಆಗುವವರೆಗೆ ಓದದೇ ಕೂರಬೇಕಿಲ್ಲ.

ಎರಡು ಸುಲಭದ ದಾರಿಗಳಿಂದ ದೂರ ಇರಿ. ಒಂದು, ಎಲ್ಲ ಧರ್ಮಗಳೂ ಕೊನೆಗೆ ಒಂದೇ ಅನ್ನೋದು. ತತ್ತ್ವಜ್ಞಾನಿ ಜಾನ್ ಹಿಕ್ 1989ರ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಒಂದು ಸಿದ್ಧಾಂತವನ್ನು ಬಹಳ ಪ್ರಾಮಾಣಿಕವಾಗಿ ಕಟ್ಟಿದ್ದಾನೆ, ಮಾತಿಗೆ ಸಿಗದ ಒಂದೇ ಸತ್ಯಕ್ಕೆ ಎಲ್ಲ ದೊಡ್ಡ ಧರ್ಮಗಳೂ ತಮ್ಮ ತಮ್ಮ ರೀತಿಯಲ್ಲಿ ಸ್ಪಂದಿಸಿವೆ ಅಂತ. ಆದರೆ ಜಿನಸೇನರಿಗೂ ಉದಯನನಿಗೂ ನೀವಿಬ್ಬರೂ ಹೇಳಿದ್ದು ಒಂದೇ ಅಂದರೆ ಇಬ್ಬರೂ ಒಪ್ಪುವುದಿಲ್ಲ. ಅವರು ಜಗಳ ಆಡಿದ್ದನ್ನು ಗೌರವಿಸಬೇಕಾದರೆ ಜಗಳ ನಿಜವಾದದ್ದು ಅಂತ ಒಪ್ಪಬೇಕು. ಇನ್ನೊಂದು, ಎಲ್ಲವೂ ನಮ್ಮಲ್ಲೇ ಮೊದಲು ಇತ್ತು ಅನ್ನೋದು. ರಾಮಾನುಜರ ಮಾತು ಹ್ಯೂಮನಿಗಿಂತ ಮೊದಲು ಬಂತು ಅನ್ನೋದು ನಿಜ, ಆದರೆ ಅದು ಓಟದ ಪಂದ್ಯ ಅಲ್ಲ. ಪಶ್ಚಿಮ ಅಂತ ನಾವು ಕರೆಯುವುದೂ ಬೇಲಿ ಹಾಕಿದ ತೋಟ ಅಲ್ಲ. 13ನೇ ಶತಮಾನದ ಅಕ್ವಿನಾಸ್ ಇಬ್ನ್ ಸೀನಾನನ್ನೂ ಯಹೂದಿ ಮೈಮೊನಿಡಿಸನನ್ನೂ ಓದಿ ಬರೆದವನು. ಇವತ್ತು ಅಮೆರಿಕದ ಕ್ರೈಸ್ತ ವಾದಿಗಳು ಜಾಸ್ತಿ ಬಳಸುವ ಒಂದು ವಾದದ ಹೆಸರು 'ಕಲಾಂ ವಾದ'. ವಿಲಿಯಂ ಲೇನ್ ಕ್ರೇಗ್ 1979ರಲ್ಲಿ ಅದೇ ಹೆಸರಲ್ಲಿ ಪುಸ್ತಕ ಬರೆದ. ಅದು ಇಸ್ಲಾಮಿನ ಕಲಾಂ, ಅಂದರೆ ತರ್ಕಬದ್ಧ ದೇವತಾಶಾಸ್ತ್ರದ, ಪಂಡಿತರಿಂದ ಬಂದದ್ದು.

ಕೋರ್ಸ್ ಮುಂದುವರಿಸಿ, ಆದರೆ ನಿಮ್ಮದೇ ಒಂದು ಸಾಲು ಓದು ಜೊತೆಗೆ ಇಟ್ಟುಕೊಳ್ಳಿ. ಪೇಲಿಯ ಪಾಠ ಬಂದಾಗ ಧರ್ಮಕೀರ್ತಿಯ ಹುತ್ತದ ಆಕ್ಷೇಪವನ್ನು ಗಡಿಯಾರದ ಮೇಲೆ ಪ್ರಯೋಗಿಸಿ ನೋಡಿ, ಅದು ಅಲ್ಲಿ ಎಷ್ಟು ನಿಲ್ಲುತ್ತದೆ ಅಂತ ನೀವೇ ಬರೆಯಿರಿ. ಹ್ಯೂಮನ ಪಾಠದ ವಾರ ಶ್ರೀಭಾಷ್ಯದ ಆ ಒಂದು ಸೂತ್ರದ ಭಾಗ ಓದಿ. ಮೂಲ ಕಷ್ಟ ಆದರೆ ಒಳ್ಳೆಯ ಅನುವಾದ ಹಿಡಿಯಿರಿ, ಸಾಧ್ಯವಾದರೆ ಸಂಸ್ಕೃತ ಬಲ್ಲ ಒಬ್ಬರ ಜೊತೆ ಕೂತು ಓದಿ, ಇಂಥ ಗ್ರಂಥಗಳನ್ನು ಒಬ್ಬರೇ ಓದುವಾಗ ಎಲ್ಲಿ ಪೂರ್ವಪಕ್ಷ ಮುಗಿಯಿತು, ಎಲ್ಲಿ ಸಿದ್ಧಾಂತ ಶುರುವಾಯಿತು ಅನ್ನೋದೇ ತಪ್ಪಿಹೋಗುತ್ತದೆ. ಎದುರು ವಾದಿ ಹೇಳಿದ್ದನ್ನು ಗ್ರಂಥಕಾರನ ಮಾತು ಅಂತ ಉದ್ಧರಿಸಿದವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಕೋರ್ಸಿನಲ್ಲಿ ಕೊನೆಗೆ ಪ್ರಬಂಧ ಬರೆಯಬೇಕು ಅಂತಿದ್ದರೆ, ಹ್ಯೂಮ್ ಮತ್ತು ರಾಮಾನುಜರ ಒಂದೇ ಆಕ್ಷೇಪ ಇಬ್ಬರನ್ನೂ ಬೇರೆ ಬೇರೆ ಕಡೆ ಯಾಕೆ ಕರೆದೊಯ್ದಿತು ಅನ್ನೋದನ್ನೇ ವಿಷಯವಾಗಿ ಆರಿಸಿಕೊಳ್ಳಿ. ಬರೆದ ಮೇಲೆ ನನಗೂ ಕಳಿಸಿ, ಖಂಡಿತ ಓದುತ್ತೇನೆ.